ಜಪಮಾಲೆ ತೊಟ್ಟ ಕೂಲಿಯಾಳು: ಸಂತ ಜೋಸೆಫ್ ವಾಜರ ಪರಿಚಯ

1687ರಲ್ಲಿ ಶ್ರೀಲಂಕಾದ ಜಾಫ್ನಾ ಪಟ್ಟಣದಲ್ಲಿ ಒಬ್ಬ ಭಿಕ್ಷುಕ ಮನೆಮನೆಯ ಮುಂದೆ ನಿಲ್ಲುತ್ತಿದ್ದ. ಸೊಂಟಕ್ಕೆ ಕೂಲಿಯಾಳಿನ ತುಂಡುಬಟ್ಟೆ, ಬರಿಗಾಲು, ಆಮಶಂಕೆಯಿಂದ ಸೊರಗಿದ ಮೈ. ಕೊರಳಲ್ಲಿ ಮಾತ್ರ ಎಲ್ಲರಿಗೂ ಕಾಣುವಂತೆ ಒಂದು ಜಪಮಾಲೆ. ಭಿಕ್ಷೆ ಹಾಕುವವರ ಕಣ್ಣು ಆ ಮಾಲೆಯ ಮೇಲೆ ಒಂದಿಷ್ಟು ಹೆಚ್ಚು ಹೊತ್ತು ನಿಂತರೆ ಅದನ್ನು ಅವನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಮಾಲೆಯನ್ನು ಗುರುತಿಸಿದ ಮನೆ ಕಥೋಲಿಕರದ್ದಾಗಿರಬಹುದು. ಅಂಥ ಮನೆಯನ್ನು ಹುಡುಕುವುದಕ್ಕಾಗಿಯೇ ಅವನು ಗೋವೆಯಿಂದ ಹೊರಟು ಬಂದಿದ್ದ.

ಆ ಭಿಕ್ಷುಕನೇ ಪಾದ್ರಿ ಜೋಸೆಫ್ ವಾಜ್. ಕೊಂಕಣಿ ಮನೆಮಾತಿನವರು, ಕಥೋಲಿಕ ಧರ್ಮಸಭೆ 2015ರಲ್ಲಿ ಸಂತರೆಂದು ಸಾರಿದವರು. ಸಿಂಹಳಕ್ಕೆ, ಅಂದರೆ ಶ್ರೀಲಂಕಾಕ್ಕೆ, ಹೋಗುವ ಮೊದಲು ಅವರು ನಮ್ಮ ಕರಾವಳಿಯಲ್ಲಿ, ಹೊನ್ನಾವರದಿಂದ ಮಂಗಳೂರಿನವರೆಗೆ, ಸುಮಾರು ಮೂರು ವರ್ಷ ಓಡಾಡಿದ್ದರು. ಹಾಗಿದ್ದರೂ ಕರಾವಳಿಯ ಕ್ರೈಸ್ತರನ್ನು ಬಿಟ್ಟರೆ ಕನ್ನಡ ಓದುಗರಲ್ಲಿ ಇವರ ಹೆಸರು ಬಲ್ಲವರು ಕಡಿಮೆ. ಕ್ರೈಸ್ತ ಸಂಪ್ರದಾಯದ ಒಳಹೊರಗು ತಿಳಿಯದವರೂ ಇವರ ಬದುಕನ್ನೂ ಆ ಬದುಕಿಗೆ ಅಂಟಿಕೊಂಡು ಬಂದ ಸಂಕೇತಗಳನ್ನೂ ಅರಿಯಲೆಂದು ಈ ಲೇಖನ. ಅವಸರ ಬೇಡ, ಮೊದಲ ಮೆಟ್ಟಿಲಿನಿಂದಲೇ ಹತ್ತೋಣ.

ಕಥೋಲಿಕರು ಸಂತರನ್ನು ದೇವರೆಂದು ಪೂಜಿಸುತ್ತಾರೆಂಬ ಭಾವನೆ ಹೊರಗಿನವರಲ್ಲಿ ಸಾಮಾನ್ಯ. ಧರ್ಮಸಭೆಯ ಬೋಧನೆ ಬೇರೆ. ಆರಾಧನೆ ದೇವರೊಬ್ಬನಿಗೇ ಸಲ್ಲತಕ್ಕದ್ದು. ಸಂತರು ದೇವರ ಸನ್ನಿಧಿಯಲ್ಲಿದ್ದು ನಮಗಾಗಿ ಬೇಡಿಕೊಳ್ಳುವ ಹಿರಿಯರು. ಅವರ ಮುಂದೆ ಮೇಣದಬತ್ತಿ ಹಚ್ಚುವವರು ಕೇಳುವುದು ಆ ಬೇಡಿಕೆಯ ನೆರವನ್ನು. ಇನ್ನು, ಒಬ್ಬರನ್ನು ಸಂತರೆಂದು ಸಾರುವುದಕ್ಕೆ ದೀರ್ಘವಾದ ವಿಚಾರಣೆಯಿದೆ. ಬದುಕನ್ನು ಪರಿಶೀಲಿಸಿ ಮೊದಲು ಪೂಜ್ಯರೆಂದು, ಅವರ ಮಧ್ಯಸ್ಥಿಕೆಯಿಂದ ಆದ ಒಂದು ಪವಾಡವನ್ನು ಒಪ್ಪಿದ ಮೇಲೆ ಪುನೀತರೆಂದು, ಸಾಮಾನ್ಯವಾಗಿ ಮತ್ತೊಂದು ಪವಾಡದ ಬಳಿಕ ಸಂತರೆಂದು ಘೋಷಿಸುತ್ತಾರೆ. ಧರ್ಮಕ್ಕಾಗಿ ಪ್ರಾಣ ತೆತ್ತ ರಕ್ತಸಾಕ್ಷಿಗಳ ವಿಷಯದಲ್ಲಿ ನಿಯಮ ಸ್ವಲ್ಪ ಬೇರೆ.

ಇಗರ್ಜಿಯ, ಅಂದರೆ ಚರ್ಚಿನ, ಒಳಗೆ ಹೋದರೆ ಗೋಡೆಯುದ್ದಕ್ಕೂ ಪ್ರತಿಮೆಗಳು ಕಾಣುತ್ತವೆ. ಕೊಳಲು ಕಂಡರೆ ಕೃಷ್ಣ ಎಂದು ನಾವು ಹೇಳುವ ಹಾಗೆ, ಅಲ್ಲಿಯೂ ಕೈಯಲ್ಲಿರುವ ವಸ್ತುವಿನಿಂದಲೇ ಗುರುತು ಹಿಡಿಯುವುದು. ಬೀಗದ ಕೈ ಹಿಡಿದವರು ಪೇತ್ರ, ಬಾಲಯೇಸುವನ್ನು ಎತ್ತಿಕೊಂಡವರು ಪಾದುವದ ಅಂತೋನಿ. ಜೋಸೆಫ್ ವಾಜರ ಪ್ರತಿಮೆ, ಚಿತ್ರಗಳಲ್ಲಿ ಸಾಮಾನ್ಯವಾಗಿ ಪಾದ್ರಿಯ ನಿಲುವಂಗಿ, ಶಿಲುಬೆ ಮತ್ತು ಜಪಮಾಲೆ ಇರುತ್ತವೆ. ಅನೇಕ ಸಂತರ ಕೈಯಲ್ಲಿರುವ ವಸ್ತುಗಳು ನಂತರದ ಕಾಲದ ಕಲಾವಿದರು ಕೊಟ್ಟವು. ವಾಜರ ವಿಷಯದಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟಿರುವುದು ಇದು: ಆ ಶಿಲುಬೆಯೂ ಜಪಮಾಲೆಯೂ ಅವರು ಬದುಕಿದ್ದಾಗ ದಿನನಿತ್ಯ ಬಳಸಿದ ವಸ್ತುಗಳು. ಜೀವ ಉಳಿಯಲು, ಜನರನ್ನು ತಲುಪಲು ಅವು ಬೇಕೇ ಬೇಕಿದ್ದವು. ಹಾಗಾಗಿ ಅವರ ಕಥೆಯನ್ನು ತಿಳಿಯದೆ ಆ ಸಂಕೇತಗಳನ್ನು ಓದಲಾಗದು.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ದಕ್ಷಿಣ ಗೋವೆಯ ಬೆಣಾವ್ಲಿಯಲ್ಲಿ, ತಾಯಿ ಮರಿಯಾ ದೆ ಮಿರಾಂದಾರ ಊರಿನಲ್ಲಿ. ತಂದೆ ಕ್ರಿಸ್ತೊವಾವ್ ವಾಜರ ಊರು ಸಾಂಕವಾಳ. ಬ್ರಾಹ್ಮಣ ಮೂಲದ ಕಥೋಲಿಕ ಮನೆತನ. ಪೋರ್ಚುಗೀಸರು ಗೋವೆಯನ್ನು ಹಿಡಿದು ಆಗಲೇ ಒಂದೂವರೆ ಶತಮಾನ ಕಳೆಯುತ್ತಾ ಬಂದಿತ್ತು. ಹುಡುಗ ಊರಲ್ಲಿ ಪೋರ್ಚುಗೀಸ್ ಮತ್ತು ಲ್ಯಾಟಿನ್ ಕಲಿತು, ಗೋವಾ ನಗರದಲ್ಲಿ ಜೆಸುಯಿಟರ ಬಳಿಯೂ ದೊಮಿನಿಕನ್ನರ ಬಳಿಯೂ ಓದಿ, 1676ರಲ್ಲಿ ಗುರುದೀಕ್ಷೆ ಪಡೆದರು. ಪಾದ್ರಿಯಾದ ಮೇಲೆ ಬಡವರಂತೆ ಬರಿಗಾಲಲ್ಲಿ ನಡೆಯತೊಡಗಿದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಬಾಲ್ಯದ ಬಗ್ಗೆ ಭಕ್ತರು ಹೇಳುವ ಕಥೆಗಳು ಬೇಕಾದಷ್ಟಿವೆ. ಅವನ್ನು ಇಲ್ಲಿ ಬಿಡುತ್ತೇನೆ. ಅವರನ್ನು ತಿಳಿಯಲು ಅದಕ್ಕಿಂತ ಮುಖ್ಯವಾದ ಒಂದು ಕಾಗದವಿದೆ.

1677ರ ಆಗಸ್ಟ್ 5ರಂದು, ಸಾಂಕವಾಳದ ಆರೋಗ್ಯಮಾತೆಯ ಇಗರ್ಜಿಯಲ್ಲಿ, ಈ ಇಪ್ಪತ್ತಾರರ ಹರೆಯದ ಪಾದ್ರಿ ಒಂದು ಪತ್ರ ಬರೆದು ಸಹಿ ಹಾಕಿದರು. ತಾನು ಇಂದಿನಿಂದ ಮಾತೆ ಮರಿಯಳ ಗುಲಾಮ, ತನ್ನ ಮೇಲೆ ತನಗೆ ಹಕ್ಕಿಲ್ಲ ಎಂಬುದು ಅದರ ತಾತ್ಪರ್ಯ. ದಾಸರ ಪದ ಕೇಳಿ ಬೆಳೆದ ನಮಗೆ ಈ ಭಾವ ಹೊಸದೇನಲ್ಲ. ಆದರೆ ಇದನ್ನು ಭಕ್ತನ ಭಾವುಕತೆಯೆಂದಷ್ಟೇ ಓದಿದರೆ ಅರ್ಧ ತಪ್ಪಿಹೋಗುತ್ತದೆ. ಆ ಕಾಲದ ಗೋವೆಯಲ್ಲಿ ಗುಲಾಮಗಿರಿ ಕಣ್ಣೆದುರಿಗೆ ಇತ್ತು. ಆಫ್ರಿಕಾದಿಂದ, ಪೂರ್ವ ದೇಶಗಳಿಂದ ತಂದ ಮನುಷ್ಯರನ್ನು ಅಲ್ಲಿ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಸ್ಥಿತಿವಂತರ ಮನೆಯ, ಮೇಲ್ಜಾತಿಯ ಮೂಲದ, ಓದಿದ ಒಬ್ಬ ಯುವಕ ತನಗೆಂದು ಆಯ್ದುಕೊಂಡದ್ದು ಆ ಸಮಾಜದ ಅತ್ಯಂತ ಕೆಳಗಿನ ಸ್ಥಾನದ ಹೆಸರನ್ನು. ಅದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ, ಕರಾರಿನ ಹಾಗೆ ಬರೆದು ಇಟ್ಟರು. ಫ್ರಾನ್ಸಿನ ಲೂಯಿ ದೆ ಮೊಂಫೊರ್ ಇಂಥದೇ ಮರಿಯ ಭಕ್ತಿಯ ಬಗ್ಗೆ ಬರೆದ ಗ್ರಂಥ ಇಂದು ಕಥೋಲಿಕ ಲೋಕದಲ್ಲಿ ಬಹಳ ಪ್ರಸಿದ್ಧ. ವಾಜರ ಪತ್ರ ಅದಕ್ಕಿಂತ ಕೆಲವು ದಶಕಗಳಷ್ಟು ಹಿಂದಿನದು. ಮುಂದೆ ಅವರು ಕೂಲಿಯ ಬಟ್ಟೆ ತೊಟ್ಟದ್ದು ಮಾರುವೇಷವಾಗಿತ್ತು, ನಿಜ. ಈ ಪತ್ರವನ್ನು ನೆನಪಿಟ್ಟುಕೊಂಡು ನೋಡಿದರೆ, ಹತ್ತು ವರ್ಷ ಮೊದಲೇ ಸಹಿ ಹಾಕಿ ಒಪ್ಪಿಕೊಂಡಿದ್ದ ಸ್ಥಾನಕ್ಕೆ ಅವರ ಮೈಯೂ ಬಂದು ಸೇರಿತು ಅನಿಸುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. 17ನೇ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕ ಮಂಗಳೂರು, ಬಸ್ರೂರು, ಗಂಗೊಳ್ಳಿ, ಹೊನ್ನಾವರಗಳ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದ. ಗೋವೆಯಿಂದ ವಲಸೆ ಬಂದು ಇಲ್ಲಿ ಗದ್ದೆ ಮಾಡಿಕೊಂಡಿದ್ದ ಕ್ರೈಸ್ತರು ಉಳಿದರು, ಅವರನ್ನು ನೋಡಿಕೊಳ್ಳುವ ಪಾದ್ರಿಗಳು ಸಾಲದಾದರು. ಮುಂದೆ ಕೆಳದಿಯ ರಾಣಿ ಚೆನ್ನಮ್ಮನ ಕಾಲದಲ್ಲಿ, 1678ರ ಒಪ್ಪಂದದಿಂದ, ಪೋರ್ಚುಗೀಸರಿಗೆ ಕರಾವಳಿಯಲ್ಲಿ ಮತ್ತೆ ವ್ಯಾಪಾರದ ನೆಲೆಯೂ ಇಗರ್ಜಿ ಕಟ್ಟುವ ಅವಕಾಶವೂ ಸಿಕ್ಕಿತು. ಆ ಹಿನ್ನೆಲೆಯಲ್ಲಿ 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಜೋಸೆಫ್ ವಾಜರನ್ನು ಕನರಾ ಪ್ರಾಂತ್ಯದ, ಅಂದರೆ ಈ ಕರಾವಳಿಯ, ಹೊಣೆ ಕೊಟ್ಟು ಕಳಿಸಿದರು.

ಬಂದವರಿಗೆ ಎದುರಾದದ್ದು ಎರಡು ಕ್ರೈಸ್ತ ಅಧಿಕಾರಗಳ ಜಗಳ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಭಾರತದ ಕಥೋಲಿಕ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಪೂರ್ವ ದೇಶಗಳಲ್ಲಿ ಧರ್ಮಾಧ್ಯಕ್ಷರನ್ನು ಸೂಚಿಸುವ, ಇಗರ್ಜಿಗಳನ್ನು ಪೋಷಿಸುವ ಹಕ್ಕನ್ನು ಪೋಪರು ಹಿಂದೆ ಪೋರ್ಚುಗಲ್‌ನ ರಾಜನಿಗೆ ಕೊಟ್ಟಿದ್ದರು. ಅದನ್ನು ಪದ್ರೊವಾದೊ ಎನ್ನುತ್ತಾರೆ. 1622ರಲ್ಲಿ ರೋಮ್ ತಾನೇ ನೇರವಾಗಿ ಧರ್ಮಪ್ರಚಾರವನ್ನು ನಡೆಸಲೆಂದು ಪ್ರೊಪಗಾಂಡಾ ಫಿದೆ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಕನರಾಕ್ಕೆ ರೋಮ್ ನೇಮಿಸಿದ್ದವರು ಗೋವೆಯ ದಿವಾಡಿ ದ್ವೀಪದವರೇ ಆದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ. ಅವರು ಮಂಗಳೂರಿನಲ್ಲಿದ್ದರು. ಗೋವೆ ಅವರ ಅಧಿಕಾರವನ್ನು ಒಪ್ಪಲಿಲ್ಲ. ಯಾವ ಪಾದ್ರಿ ಕೊಟ್ಟ ಸಂಸ್ಕಾರ ಸಿಂಧು, ಯಾರದ್ದು ಅಸಿಂಧು ಎಂದು ತಿಳಿಯದೆ ಜನ ಕಂಗಾಲಾಗಿದ್ದರು. ಗೋವೆಯ ಪರವಾಗಿ ಬಂದ ವಾಜ್ ವಾದ ಗೆಲ್ಲುವುದಕ್ಕೆ ಹೊರಡಲಿಲ್ಲ. ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು, ಸಾಮಾನ್ಯ ಜನರ ಆತ್ಮಸಾಕ್ಷಿಗೆ ಪೆಟ್ಟಾಗದ ಹಾಗೆ ನಡುದಾರಿ ಹುಡುಕಿದರು. ಜೊತೆಗೆ ಊರೂರು ನಡೆದು ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸುವುದು, ಮಕ್ಕಳಿಗೆ ಧರ್ಮಪಾಠ, ಭಕ್ತರ ಸಂಘಗಳು. ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರದ ಕ್ರೈಸ್ತರು ಇಂದಿಗೂ ಅವರನ್ನು ತಮ್ಮ ಹಿರಿಯರಲ್ಲಿ ಒಬ್ಬರೆಂದು ನೆನೆಯುತ್ತಾರೆ. ಅಧಿಕಾರಗಳು ತಿಕ್ಕಾಡುವಲ್ಲಿ ಜನರ ಪಕ್ಕದಲ್ಲಿ ನಿಲ್ಲುವುದನ್ನು ವಾಜ್ ಕಲಿತದ್ದು ಈ ಕರಾವಳಿಯಲ್ಲೇ ಎಂದು ನನ್ನ ನಂಬಿಕೆ.

1684ರಲ್ಲಿ ಗೋವೆಗೆ ಮರಳಿದರು. ಹಳೆ ಗೋವೆಯ ಗುಡ್ಡವೊಂದರ ಮೇಲೆ ಪವಾಡ ಶಿಲುಬೆಯ ಇಗರ್ಜಿಯಿತ್ತು. 1619ರಲ್ಲಿ ಅಲ್ಲಿಯ ಶಿಲುಬೆಯ ಮೇಲೆ ಕ್ರಿಸ್ತನ ದರ್ಶನವಾಯಿತೆಂದು ಜನ ನಂಬಿದ್ದರು. ಅಲ್ಲಿ ಕೆಲವು ದೇಶೀಯ ಪಾದ್ರಿಗಳು ಒಟ್ಟಾಗಿ ಪ್ರಾರ್ಥನೆಯ ಬದುಕು ನಡೆಸುತ್ತಿದ್ದರು. ಐರೋಪ್ಯ ಸನ್ಯಾಸಿ ಸಂಘಗಳ ಬಾಗಿಲು ಸ್ಥಳೀಯರಿಗೆ ಮುಚ್ಚಿದಂತೆಯೇ ಇದ್ದ ಕಾಲ. 1685ರ ಸೆಪ್ಟೆಂಬರಿನಲ್ಲಿ ವಾಜ್ ಇವರ ಹಿರಿಯರಾದರು. ರೋಮಿನ ಸಂತ ಫಿಲಿಪ್ ನೇರಿಯ ಮಾದರಿಯಲ್ಲಿ ಅದು ಒರಟೋರಿಯನ್ ಸಂಸ್ಥೆಯಾಗಿ ರೂಪುಗೊಂಡಿತು. ಭಾರತೀಯ ಪಾದ್ರಿಗಳೇ ಕಟ್ಟಿ, ಭಾರತೀಯರೇ ನಡೆಸಿದ, ಇನ್ನೊಂದು ದೇಶಕ್ಕೆ ಧರ್ಮಪ್ರಚಾರಕರನ್ನು ಕಳಿಸಿದ ಸಂಸ್ಥೆ ಇದು. ಒಂದು ಮಾತನ್ನು ಮುಚ್ಚಿಡಬಾರದು: ಬಹುಕಾಲ ಇದರ ಬಾಗಿಲು ತೆರೆದದ್ದು ಬ್ರಾಹ್ಮಣ ಮೂಲದ ಪಾದ್ರಿಗಳಿಗೆ ಮಾತ್ರ. ಐರೋಪ್ಯರ ಬೇಲಿಯ ಹೊರಗೆ ನಿಂತು ನೊಂದವರೂ ತಮ್ಮದೊಂದು ಬೇಲಿ ಹಾಕಿಕೊಂಡಿದ್ದರು. ಗೋವೆಯ ಕ್ರೈಸ್ತ ಸಮಾಜದಲ್ಲಿ ಜಾತಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ವಾಜರ ಮನಸ್ಸು ಇದ್ದದ್ದು ಸಿಂಹಳದ ಮೇಲೆ. ಅಲ್ಲಿ ಏನಾಗಿತ್ತು ನೋಡಿ. ದ್ವೀಪದ ಕರಾವಳಿಯನ್ನು ಪೋರ್ಚುಗೀಸರಿಂದ ಡಚ್ಚರು ಕಿತ್ತುಕೊಂಡರು. 1656ರಲ್ಲಿ ಕೊಲಂಬೊ ಬಿತ್ತು, 1658ರಲ್ಲಿ ಜಾಫ್ನಾ. ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಪ್ರೊಟೆಸ್ಟೆಂಟರಲ್ಲಿ ಕ್ಯಾಲ್ವಿನನ ಪಂಥದವರು. ಕಥೋಲಿಕ ಧರ್ಮ ಅವರಿಗೆ ಭಿನ್ನಮತವೂ ಹೌದು, ಶತ್ರು ಪೋರ್ಚುಗಲ್‌ನ ಗುರುತೂ ಹೌದು. ಪಾದ್ರಿಗಳನ್ನೆಲ್ಲ ದ್ವೀಪದಿಂದ ಅಟ್ಟಿದರು, ಇಗರ್ಜಿಗಳನ್ನು ವಶಪಡಿಸಿಕೊಂಡರು, ಪಾದ್ರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಸಾರಿದರು. ಸುಮಾರು ಮೂರು ದಶಕ ಅಲ್ಲಿಯ ಕಥೋಲಿಕರು ಪಾದ್ರಿಯಿಲ್ಲದೆ, ಮಾಸ್ ಎನ್ನುವ ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಬದುಕಿದರು. 1686ರಲ್ಲಿ ವಾಜ್ ಸಂಸ್ಥೆಯ ಹಿರಿತನ ಬಿಟ್ಟು, ಜಾನ್ ಎಂಬ ನಂಬಿಕೆಯ ಸಹಾಯಕನನ್ನು ಜೊತೆ ಮಾಡಿಕೊಂಡು ದಕ್ಷಿಣಕ್ಕೆ ನಡೆದರು. ಕರಾವಳಿ ಹಿಡಿದು ಕೇರಳ, ಅಲ್ಲಿಂದ ತೂತ್ತುಕುಡಿ. ಪಾದ್ರಿಯ ನಿಲುವಂಗಿ ಕಳಚಿ, ಕೂಲಿಯ ವೇಷದಲ್ಲಿ ಹಡಗು ಹತ್ತಿ 1687ರಲ್ಲಿ ಸಿಂಹಳದ ದಡ ಮುಟ್ಟಿದರು. ದಾರಿಯಲ್ಲಿ ಅಂಟಿದ ಆಮಶಂಕೆ ಅವರನ್ನು ಸಾವಿನ ಹತ್ತಿರಕ್ಕೆ ಒಯ್ದಿತ್ತು.

ಈಗ ಆ ಜಪಮಾಲೆಯ ಮಾತು. ಕಥೋಲಿಕರ ಜಪಮಾಲೆಯಲ್ಲಿ ಹತ್ತು ಹತ್ತು ಮಣಿಗಳ ಐದು ಗುಂಪುಗಳು, ನಡುನಡುವೆ ಒಂದೊಂದು ಬಿಡಿಮಣಿ, ಕೊನೆಗೆ ತೂಗುವ ಶಿಲುಬೆ. ಸಣ್ಣ ಮಣಿಗೆ ಮರಿಯಳ ಪ್ರಾರ್ಥನೆ, ಬಿಡಿಮಣಿಗೆ ಯೇಸು ಕಲಿಸಿದ ಪ್ರಾರ್ಥನೆ. ತುಟಿ ಪ್ರಾರ್ಥನೆ ಹೇಳುತ್ತಿದ್ದರೆ ಮನಸ್ಸು ಯೇಸುವಿನ ಜನನ, ಯಾತನೆ, ಪುನರುತ್ಥಾನಗಳ ಒಂದೊಂದು ಘಟನೆಯನ್ನು ಧ್ಯಾನಿಸಬೇಕು. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ಎಲ್ಲರೂ ಕೂತು ಹೇಳುವ ತೇರ್ಸ್ ಇದೇ. ಇದಕ್ಕೆ ಪಾದ್ರಿ ಬೇಡ, ಇಗರ್ಜಿ ಬೇಡ, ಪುಸ್ತಕ ಬೇಡ. ಓದು ಬಾರದ ಅಜ್ಜಿಯೂ ಮೊಮ್ಮಕ್ಕಳಿಗೆ ಕಲಿಸಬಲ್ಲಳು. ಎಲ್ಲವನ್ನೂ ಕಳೆದುಕೊಂಡ ಸಮುದಾಯವೊಂದಕ್ಕೆ ಉಳಿಯಬಹುದಾದ ಪ್ರಾರ್ಥನೆ ಅದು. ವಾಜ್ ಬಲಿಪೂಜೆಯ ಪಾತ್ರೆಯನ್ನು ತೋರಿಸುವಂತಿರಲಿಲ್ಲ, ತೋರಿಸಿದರೆ ಸೆರೆ. ಜಪಮಾಲೆ ತೊಟ್ಟ ಭಿಕ್ಷುಕ ಮಾತ್ರ ಈ ಭಾಗದ ದೇಶಗಳಲ್ಲಿ ಯಾರ ಕಣ್ಣನ್ನೂ ಕುಕ್ಕುವುದಿಲ್ಲ. ಹಿಂದೂಗಳಲ್ಲೂ ಬೌದ್ಧರಲ್ಲೂ ಜಪದ ಮಣಿಸರವಿದೆ. ಮಣಿಗಳ ಎಣಿಕೆಯನ್ನೂ ತುದಿಯ ಶಿಲುಬೆಯನ್ನೂ ಬಲ್ಲವರಿಗಷ್ಟೇ ಅದು ಮಾತಾಡುತ್ತದೆ. ಕೊನೆಗೆ ಒಂದು ಮನೆಯವರು ಗುರುತಿಸಿದರು. ತಾನು ಪಾದ್ರಿಯೆಂದು ಹೇಳಿಕೊಳ್ಳುವ ಮುನ್ನ ವಾಜ್ ಆ ಮನೆಯವರನ್ನು ಚೆನ್ನಾಗಿ ಪರೀಕ್ಷಿಸಿದರು, ಅವರೂ ಇವರನ್ನು ಪರೀಕ್ಷಿಸಿದರು. ವಾಜರ ಚಿತ್ರದಲ್ಲಿ ಜಪಮಾಲೆ ಕಂಡಾಗ ಮರಿಯಳ ಭಕ್ತಿ ಎಂದಷ್ಟೇ ಓದಿ ಮುಂದೆ ಹೋಗಬೇಡಿ. ಅಂಜಿಕೊಂಡಿದ್ದ ಎರಡು ಕಡೆಯವರ ನಡುವೆ ನಂಬಿಕೆ ಹುಟ್ಟಿಸಿದ ಗುರುತೂ ಅದೇ.

ಜಾಫ್ನಾದ ಬಳಿಯ ಸಿಲ್ಲಾಲೈ ಎಂಬ ಹಳ್ಳಿ ಅವರ ಗುಪ್ತ ನೆಲೆಯಾಯಿತು. ಹಗಲು ಅಡಗಿಕೊಂಡು, ರಾತ್ರಿ ಮನೆಗಳಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರು. ಸುದ್ದಿ ಡಚ್ಚರ ಕಿವಿಗೆ ಬಿತ್ತು. 1689ರ ಕ್ರಿಸ್‌ಮಸ್ ರಾತ್ರಿ ಜನ ಸೇರಿದ್ದ ಮನೆಗಳ ಮೇಲೆ ಸೈನಿಕರು ಎರಗಿದರು. ವಾಜ್ ತಪ್ಪಿಸಿಕೊಂಡರು, ನೂರಾರು ಮಂದಿ ಸೆರೆ ಸಿಕ್ಕರು. ಹೊಡೆತ ತಿಂದವರು, ದಂಡ ತೆತ್ತವರು, ಪ್ರಾಣ ಕಳೆದುಕೊಂಡವರೂ ಇದ್ದರು. ಸಂತರ ಚರಿತ್ರೆ ಓದುವಾಗ ನಾವು ತಪ್ಪಿಸಿಕೊಂಡ ಸಂತರ ಜೊತೆಗೇ ಓಡಿಬಿಡುತ್ತೇವೆ. ಹಿಂದೆ ಉಳಿದು ಏಟು ತಿಂದ ಹೆಸರಿಲ್ಲದ ಜನರ ಬಳಿ ಒಂದು ಗಳಿಗೆ ನಿಲ್ಲಬೇಕು. ವಾಜರ ಎಲ್ಲ ಸಾಧನೆಯ ಬುಡದಲ್ಲಿ ಅವರಿದ್ದಾರೆ.

ಅಲ್ಲಿಂದ ವಾಜ್ ಕ್ಯಾಂಡಿ ರಾಜ್ಯಕ್ಕೆ ಸೇರಿದ್ದ ಪುತ್ತಲಂಗೆ ಹೋದರು. ದ್ವೀಪದ ಒಳನಾಡಿನ ಬೆಟ್ಟಗಳಲ್ಲಿ ಕ್ಯಾಂಡಿಯ ಸಿಂಹಳ ಅರಸರು ಸ್ವತಂತ್ರವಾಗಿ ಆಳುತ್ತಿದ್ದರು. 1692ರಲ್ಲಿ ವಾಜ್ ರಾಜಧಾನಿಯ ಕಡೆ ಹೊರಟಾಗ, ಇವನು ಪೋರ್ಚುಗೀಸರ ಗೂಢಚಾರ ಎಂದು ಯಾರೋ ಅರಮನೆಗೆ ಕಿವಿಯೂದಿದರು. ವಾಜ್ ಸೆರೆಯಾದರು. ಸೆರೆಯಲ್ಲಿದ್ದುಕೊಂಡೇ ಸಿಂಹಳ ಭಾಷೆ ಕಲಿತರು. ತಮಿಳು ಅಷ್ಟರಲ್ಲಿ ಬರುತ್ತಿತ್ತು. ಕಾವಲು ಸಡಿಲಾದಂತೆ ಒಂದು ಚಪ್ಪರ ಹಾಕಿ ಶಿಲುಬೆ ನಿಲ್ಲಿಸಿದರು. ಪಾದ್ರಿಯ ನಡತೆಯನ್ನು ಗಮನಿಸುತ್ತಿದ್ದ ದೊರೆ ಎರಡನೆಯ ವಿಮಲಧರ್ಮಸೂರ್ಯನಿಗೆ ಇವರಲ್ಲಿ ಗೂಢಚಾರ ಕಾಣಲಿಲ್ಲ.

ಅವರ ಬದುಕಿನ ಅತ್ಯಂತ ಪ್ರಸಿದ್ಧ ಘಟನೆ ಇಲ್ಲಿ ಬರುತ್ತದೆ. ಕ್ಯಾಂಡಿಯಲ್ಲಿ ಮಳೆ ಕೈಕೊಟ್ಟು ಬರಗಾಲ ಬಿತ್ತು. ಅರಸನ ಕೋರಿಕೆಯಂತೆ ವಾಜ್ ಬಯಲಿನಲ್ಲಿ ಪೀಠ ಇಟ್ಟು, ಶಿಲುಬೆ ನಿಲ್ಲಿಸಿ, ಮೊಣಕಾಲೂರಿ ಪ್ರಾರ್ಥಿಸಿದರು. ಧಾರಾಕಾರ ಮಳೆ ಸುರಿಯಿತು. ವಾಜ್ ಮತ್ತು ಪೀಠ ಇದ್ದ ಜಾಗ ಮಾತ್ರ ಒಣಗಿಯೇ ಇತ್ತು. ಈ ಕಥೆಯನ್ನು ನಮಗೆ ತಲುಪಿಸಿದವರು ಅವರದೇ ಸಂಸ್ಥೆಯ ಗೋವೆಯ ಪಾದ್ರಿ ಸೆಬಾಸ್ತಿಯಾವ್ ದೊ ರೇಗೊ ಮೊದಲಾದ ಚರಿತ್ರಕಾರರು. ರೇಗೊ ಬರೆದ ಜೀವನಚರಿತ್ರೆ 1745ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾಯಿತು. ಬರೆದವರು ಭಕ್ತರು, ಆದ್ದರಿಂದ ಬೌದ್ಧ ಭಿಕ್ಷುಗಳ ಪ್ರಾರ್ಥನೆ ಫಲಿಸಲಿಲ್ಲ ಎಂಬ ಹೋಲಿಕೆಯೂ ಅವರ ಕಥೆಯಲ್ಲಿದೆ. ಅದನ್ನು ಆ ಕಾಲದ ಧಾರ್ಮಿಕ ಪೈಪೋಟಿಯ ದನಿಯೆಂದು ತಿಳಿದು ಓದಬೇಕು. ನಡೆಯಿತೋ ಇಲ್ಲವೋ ಎಂಬ ಪ್ರಶ್ನೆಯನ್ನು ನಂಬುವವರ ನಂಬಿಕೆಗೆ ಬಿಟ್ಟು, ಕಥೆ ಏನನ್ನು ಹೇಳುತ್ತದೆಂದು ಕೇಳಿಕೊಳ್ಳಿ. ಬೈಬಲ್ ಬಲ್ಲವರಿಗೆ ಇದರ ಹಿಂದೆ ಎರಡು ಹಳೆಯ ಕಥೆಗಳು ಕೇಳಿಸುತ್ತವೆ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಪ್ರಾರ್ಥಿಸಿ, ವರ್ಷಗಟ್ಟಲೆ ಬಾರದ ಮಳೆಯನ್ನು ತಂದ ಕಥೆ ಒಂದು. ಇನ್ನೊಂದು ಗಿದ್ಯೋನನದ್ದು: ಅವನು ಕಣದಲ್ಲಿ ಕುರಿಯ ತುಪ್ಪಟ ಹರಡಿ ದೇವರಲ್ಲಿ ಗುರುತು ಬೇಡಿದಾಗ, ಒಂದು ರಾತ್ರಿ ತುಪ್ಪಟ ತೊಯ್ದು ನೆಲ ಒಣಗಿತ್ತು, ಮರುರಾತ್ರಿ ನೆಲವೆಲ್ಲ ತೊಯ್ದು ತುಪ್ಪಟ ಒಣಗಿತ್ತು. ಆ ತುಪ್ಪಟವನ್ನು ಕ್ರೈಸ್ತರು ಬಹು ಹಿಂದಿನಿಂದ ಮರಿಯಳ ಸಂಕೇತವಾಗಿ ಓದುತ್ತಾ ಬಂದಿದ್ದಾರೆ. ಮರಿಯಳ ಗುಲಾಮನೆಂದು ಬರೆದುಕೊಟ್ಟವರ ಸುತ್ತ ನೆಲ ತೊಯ್ದು, ಅವರು ಮಾತ್ರ ಒಣಗಿ ಉಳಿದ ಕಥೆ ಬೆಳೆದದ್ದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ. ಮಳೆ ಬಿದ್ದದ್ದು ಕ್ಯಾಂಡಿಯ ರೈತರ ಗದ್ದೆಗೆ, ಬೇಡಿದವರ ಪಾಲಿಗೆ ಒಂದು ಹನಿಯೂ ಇಲ್ಲ. ಸೇವೆ ಎಂದರೆ ಏನೆಂದು ಹೇಳಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ತಿಳಿಯದು.

ಆ ಮೇಲೆ ವಾಜರಿಗೆ ರಾಜ್ಯದಲ್ಲಿ ಓಡಾಡುವ ಸ್ವಾತಂತ್ರ್ಯ ಸಿಕ್ಕಿತು. ಈ ಅರಸನ ಬಗ್ಗೆ ಒಂದು ಮಾತು ಹೇಳಲೇಬೇಕು. ವಿಮಲಧರ್ಮಸೂರ್ಯ ನಿಷ್ಠಾವಂತ ಬೌದ್ಧ. ದ್ವೀಪದಲ್ಲಿ ಕಡಿದುಹೋಗಿದ್ದ ಭಿಕ್ಷುಗಳ ಉಪಸಂಪದಾ ದೀಕ್ಷೆಯನ್ನು ಮತ್ತೆ ಆರಂಭಿಸಲು 1697ರಲ್ಲಿ ಅರಾಕಾನಿನಿಂದ ಭಿಕ್ಷುಗಳನ್ನು ಕರೆಸಿದವನು, ಬುದ್ಧನ ದಂತಧಾತುವಿಗೆ ಮೂರಂತಸ್ತಿನ ಮಂದಿರ ಕಟ್ಟಿಸಿದವನು. ತನ್ನ ಧರ್ಮವನ್ನು ಎತ್ತಿ ನಿಲ್ಲಿಸುತ್ತಿದ್ದ ಅದೇ ಕೈ ಕಥೋಲಿಕ ಪಾದ್ರಿಗೂ ನೆರಳು ಕೊಟ್ಟಿತು. ಕರಾವಳಿ ಕನ್ನಡ ನಾಡಿನಲ್ಲಿ ವಾಜ್ ಕೆಲಸ ಮಾಡಿದ್ದು ವೀರಶೈವ ರಾಣಿಯ ರಾಜ್ಯದಲ್ಲಿ. ಅವರನ್ನು ಬೆನ್ನಟ್ಟಿದವರು ಕ್ರಿಸ್ತನ ಹೆಸರು ಹೇಳುತ್ತಿದ್ದ ಡಚ್ಚರು. ಧರ್ಮಪ್ರಚಾರವೆಂದರೆ ವಸಾಹತುಶಾಹಿಯ ಬೆನ್ನಿಗೆ ಬಂದದ್ದು ಎಂಬ ಮಾತಿಗೆ ಗೋವೆಯ ಚರಿತ್ರೆಯಲ್ಲೇ ಸಾಕಷ್ಟು ಆಧಾರವಿದೆ. ವಾಜರ ಸಿಂಹಳದ ಕಥೆ ಆ ಚೌಕಟ್ಟಿನೊಳಗೆ ಕೂರುವುದಿಲ್ಲ. ಅವರ ಹಿಂದೆ ಅಲ್ಲಿ ಯಾವ ಹಡಗುಪಡೆಯೂ ಇರಲಿಲ್ಲ, ತೆರಿಗೆಯ ಹಣವೂ ಇರಲಿಲ್ಲ.

1697ರಲ್ಲಿ ಕ್ಯಾಂಡಿಗೆ ಸಿಡುಬು ಹೊಕ್ಕಿತು. ಆ ಕಾಲದಲ್ಲಿ ಸಿಡುಬೆಂದರೆ ರೋಗಿಯನ್ನು ಮನೆಯವರೇ ಕಾಡಿನಂಚಿಗೆ ಬಿಟ್ಟುಬರುವಷ್ಟು ಭಯ. ಅರಮನೆಯವರೂ ಉಳ್ಳವರೂ ಊರು ಬಿಟ್ಟರು. ವಾಜ್ ಮತ್ತು ಗೋವೆಯಿಂದ ಬಂದು ಸೇರಿಕೊಂಡಿದ್ದ ಅವರ ಸೋದರ ಸಂಬಂಧಿ ಪಾದ್ರಿ ಜೋಸೆಫ್ ಕರ್ವಾಲ್ಹೊ ಊರಲ್ಲೇ ನಿಂತರು. ಖಾಲಿ ಬಿದ್ದ ಮನೆಗಳಿಗೆ ರೋಗಿಗಳನ್ನು ಹೊತ್ತು ತಂದರು, ಗುಡಿಸಲು ಹಾಕಿದರು, ಗಂಜಿ ಕಾಯಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಕಥೋಲಿಕನೋ ಬೌದ್ಧನೋ ಎಂದು ಕೇಳಲಿಲ್ಲ. ಪಿಡುಗು ಅಡಗಲು ಒಂದು ವರ್ಷವೇ ಹಿಡಿಯಿತು. ಹೆಣ ಮುಟ್ಟುವುದು, ಮಲಮೂತ್ರ ಬಳಿಯುವುದು ಅವರು ಹುಟ್ಟಿದ ಜಾತಿಯ ಲೆಕ್ಕದಲ್ಲಿ ಏನಾಗಿತ್ತೆಂದು ಕನ್ನಡ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಯ ಪವಾಡಕ್ಕಿಂತ ಈ ಒಂದು ವರ್ಷ ನನಗೆ ದೊಡ್ಡದಾಗಿ ಕಾಣುತ್ತದೆ.

ಉಳಿದ ವರ್ಷಗಳು ಸಂಘಟನೆಯವು. ಗೋವೆಯಿಂದ ಒಬ್ಬೊಬ್ಬರಾಗಿ ಒರಟೋರಿಯನ್ ಪಾದ್ರಿಗಳು ಬಂದರು. ದ್ವೀಪವನ್ನು ವಿಭಾಗ ಮಾಡಿ ಹಂಚಿಕೊಂಡರು. ಪಾದ್ರಿ ವರ್ಷಕ್ಕೊಮ್ಮೆ ಬಂದರೆ ಹೆಚ್ಚು ಎನ್ನುವಂಥ ಹಳ್ಳಿಗಳಲ್ಲಿ ಪ್ರಾರ್ಥನೆ ನಡೆಸಲು, ಮಕ್ಕಳಿಗೆ ಕಲಿಸಲು ಅಣ್ಣಾವಿ, ಮೂಪ್ಪು ಎಂಬ ಊರಿನ ಹಿರಿಯರೇ ಇದ್ದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಬರೆದ ಕೃತಿಗಳಿಂದ ಸಿಂಹಳದ ಕಥೋಲಿಕ ಸಾಹಿತ್ಯ ನೆಲೆಗೊಂಡಿತು. ಪೋಪರ ಪ್ರತಿನಿಧಿಯಾಗಿ ಭಾರತಕ್ಕೆ ಬಂದಿದ್ದ ತೂರ್ನೋನ್ ವಾಜರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡುವ ಮನಸ್ಸು ಮಾಡಿದಾಗ ವಾಜ್ ಒಲ್ಲೆನೆಂದರು. ಕಾಯಿಲೆಯಿಂದ ಕೃಶರಾಗಿದ್ದ ಅವರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಸಿಂಹಳಕ್ಕೆ ಕಾಲಿಟ್ಟ ಮೇಲೆ ಒಮ್ಮೆಯೂ ಗೋವೆಗೆ ಮರಳಿರಲಿಲ್ಲ.

ಸಂತರ ಸಂಕೇತಗಳಲ್ಲಿ ಅವಶೇಷಗಳಿಗೆ ದೊಡ್ಡ ಸ್ಥಾನ. ಹಳೆ ಗೋವೆಯ ಬೊಮ್ ಜೇಸು ಬಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ದೇಹ ಬೆಳ್ಳಿಯ ಪೆಟ್ಟಿಗೆಯಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿದಾಗ ಲಕ್ಷಗಟ್ಟಲೆ ಜನ ಸೇರುತ್ತಾರೆ. ಜೋಸೆಫ್ ವಾಜರಿಗೆ ಅಂಥ ಸಮಾಧಿಯಿಲ್ಲ. ಕ್ಯಾಂಡಿಯಲ್ಲಿ ಅವರನ್ನು ಹೂಳಿದ ಇಗರ್ಜಿ ಅಳಿದುಹೋಯಿತು, ಜಾಗದ ಗುರುತೂ ಅಳಿಯಿತು. ಗೋವೆಯ ಅವರ ಮಠದ ಇಗರ್ಜಿ ಪಾಳುಬಿದ್ದಿದೆ, ಪವಾಡ ಶಿಲುಬೆ ಈಗ ಹಳೆ ಗೋವೆಯ ಸೆ ಕಥೆದ್ರಾಲಿನಲ್ಲಿದೆ. ಗುಲಾಮಪತ್ರ ಬರೆದ ಸಾಂಕವಾಳದ ಇಗರ್ಜಿಯಲ್ಲಿ ಬೆಂಕಿಯಿಂದ ಉಳಿದದ್ದು ಮುಂಭಾಗದ ಗೋಡೆ ಮಾತ್ರ.

ಸಂತ ಪದವಿಗೆ ವಿಚಾರಣೆ ಅವರು ತೀರಿಕೊಂಡ ಒಂದೆರಡು ವರ್ಷಗಳಲ್ಲೇ ಶುರುವಾಗಿತ್ತು. ಆದರೂ ಮೂರು ಶತಮಾನ ಹಿಡಿಯಿತು. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಗೋವೆಯ ಸನ್ಯಾಸಿ ಸಂಸ್ಥೆಗಳನ್ನು ರದ್ದು ಮಾಡಿದಾಗ, ವಾಜರ ಪರವಾಗಿ ಕಾಗದಪತ್ರ ಹಿಡಿದು ಓಡಾಡಬೇಕಾಗಿದ್ದ ಒರಟೋರಿಯನ್ನರೇ ಇಲ್ಲದಾದರು. 20ನೇ ಶತಮಾನದಲ್ಲಿ ಕೆಲಸ ಮತ್ತೆ ಚಿಗುರಿತು. 1995ರ ಜನವರಿ 21ರಂದು ಪೋಪ್ ಎರಡನೆಯ ಜಾನ್ ಪಾಲ್ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ಮೈದಾನದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು. ಎರಡನೆಯ ಪವಾಡದ ನಿಯಮವನ್ನು ಈ ಪ್ರಕರಣದಲ್ಲಿ ಕೈಬಿಟ್ಟರು. ಸಿಂಹಳ ಮತ್ತು ತಮಿಳು ಜನರ ನಡುವಿನ ದೀರ್ಘ ಯುದ್ಧ ಮುಗಿದು ಆಗ ಆರು ವರ್ಷವೂ ತುಂಬಿರಲಿಲ್ಲ. ಎರಡೂ ಭಾಷೆ ಕಲಿತು ಎರಡೂ ಜನರ ನಡುವೆ ಬಾಳಿದ ಒಬ್ಬರನ್ನು ಆ ಮೈದಾನದಲ್ಲಿ ಸಂತರೆಂದು ಕರೆದದ್ದಕ್ಕೆ ಅಲ್ಲಿಯವರ ಪಾಲಿಗೆ ಎಂಥ ತೂಕವಿತ್ತೆಂದು ಊಹಿಸಬಹುದು.

ಇವರ ನೆನಪನ್ನು ಹತ್ತಿರದಲ್ಲೇ ಕಾಣಬೇಕೆನ್ನುವ ಕನ್ನಡಿಗರಿಗೆ ಮುಡಿಪು ಇದೆ. ಮಂಗಳೂರಿನಿಂದ ಹೊರಟು, ವಿಶ್ವವಿದ್ಯಾಲಯವಿರುವ ಕೊಣಾಜೆಯನ್ನು ದಾಟಿ ಮುಂದೆ ಹೋದರೆ ಈ ಊರು. ಅಲ್ಲಿಯ ಗುಡ್ಡದ ಮೇಲೆ ವಾಜರ ಹೆಸರಿನ ಪುಣ್ಯಕ್ಷೇತ್ರವಿದೆ. ಅವರು ಕನರಾದಲ್ಲಿದ್ದಾಗ ಈ ಗುಡ್ಡಕ್ಕೆ ಬಂದಿದ್ದರೆಂದು ಊರವರ ಐತಿಹ್ಯ, ಅದರ ಸುತ್ತ ಪವಾಡದ ಕಥೆಗಳೂ ಇವೆ. ಜನವರಿ 16, ಅವರು ತೀರಿಕೊಂಡ ದಿನವೇ, ಧರ್ಮಸಭೆಯ ಪಂಚಾಂಗದಲ್ಲಿ ಅವರ ಹಬ್ಬ. ಕ್ರೈಸ್ತರಲ್ಲದವರೂ ಹೋಗಬಹುದು, ಯಾರೂ ತಡೆಯುವುದಿಲ್ಲ. ಪ್ರತಿಮೆಯ ಮುಂದೆ ನಿಂತಾಗ ಮೊದಲು ಜಪಮಾಲೆಯನ್ನು ಹುಡುಕಿ, ಆಮೇಲೆ ಶಿಲುಬೆಯನ್ನು. ಪಕ್ಕದಲ್ಲಿ ತೇರ್ಸ್ ಹೇಳುತ್ತಿರುವ ಹಿರಿಯರು ಯಾರಾದರೂ ಇದ್ದರೆ, ಅವರ ಪ್ರಾರ್ಥನೆ ಮುಗಿದ ಮೇಲೆ ಮಣಿಗಳನ್ನು ಹೇಗೆ ಎಣಿಸುತ್ತಾರೆಂದು ಕೇಳಿ, ಸಂತೋಷದಿಂದ ಹೇಳಿಕೊಡುತ್ತಾರೆ.